ಸಲಹೆ ಪೆಟ್ಟಿಗೆ ಖಾಲಿಯಾದದ್ದು ಯಾಕೆ?

ಓದುಗರ ಪ್ರಶ್ನೆ: ನಾನು ಒಂದು ಮುದ್ರಣ ಸಂಸ್ಥೆಯ ಮಾಲೀಕ. 70 ಜನ ಕೆಲಸಕ್ಕಿದ್ದಾರೆ. ಬಿಲ್ ಪುಸ್ತಕ, ಲೆಡ್ಜರ್, ಕಚೇರಿಗಳ ಫಾರಂಗಳು ನಮ್ಮ ಮುಖ್ಯ ಕೆಲಸ. ಜೊತೆಗೆ ಸ್ವಲ್ಪ ಮಟ್ಟಿಗೆ ಲೇಬಲ್ ಕೂಡ ಮಾಡುತ್ತೇವೆ. ಐದಾರು ವರ್ಷಗಳಿಂದ ಫಾರಂಗಳ ಆರ್ಡರ್ ಇಳಿಯುತ್ತಲೇ ಇದೆ. ಆದರೆ ಲಾಭದ ದೊಡ್ಡ ಪಾಲು ಈಗಲೂ ಅದರಿಂದಲೇ ಬರುತ್ತಿದೆ. ಹೊಸತನ ಬೇಕು ಅಂತ ಕಳೆದ ವರ್ಷ ಸಲಹೆ ಪೆಟ್ಟಿಗೆ ಇಟ್ಟೆ, ಬಹುಮಾನವನ್ನೂ ಘೋಷಿಸಿದೆ. ಮೊದಲ ತಿಂಗಳು ನಲವತ್ತಕ್ಕೂ ಜಾಸ್ತಿ ಚೀಟಿ ಬಂದವು. ಬಹಳಷ್ಟು ಫ್ಯಾನ್, ಕುರ್ಚಿ, ರಜೆಯ ಬಗ್ಗೆ. ಕೆಲವು ಚೆನ್ನಾಗಿದ್ದವು, ಆದರೆ ಆರ್ಡರ್‌ಗಳ ಒತ್ತಡದಲ್ಲಿ ನೋಡಲು ಆಗಲಿಲ್ಲ. ಮೂರನೇ ತಿಂಗಳಿಗೆ ಪೆಟ್ಟಿಗೆ ಖಾಲಿ. ತಿಂಗಳಿಗೊಂದು ಐಡಿಯಾ ಸಭೆ ಕರೆಯುತ್ತೇನೆ, ನಾನೊಬ್ಬನೇ ಮಾತಾಡುತ್ತೇನೆ, ಉಳಿದವರು ತಲೆಯಾಡಿಸುತ್ತಾರೆ. ಕಡಿಮೆ ಸಂಖ್ಯೆಯ ಲೇಬಲ್‌ಗಳನ್ನು ಡಿಜಿಟಲ್‌ನಲ್ಲಿ ಮುದ್ರಿಸಿ ನೋಡೋಣ ಅನ್ನುತ್ತಿದ್ದ ಒಬ್ಬ ಯುವ ಸೂಪರ್‌ವೈಸರ್ ಕೆಲಸ ಬಿಟ್ಟುಹೋದ. ನನ್ನ ಮಗಳು 'ಹಳೆಯದನ್ನು ಮುಚ್ಚಿ, ಸಾಫ್ಟ್‌ವೇರ್ ಕಂಪನಿ ಆಗೋಣ' ಅನ್ನುತ್ತಾಳೆ. ಪಾಲುದಾರರು 'ಏನೂ ಮುಟ್ಟಬೇಡ' ಅನ್ನುತ್ತಾರೆ. ನಮ್ಮ ಜನಕ್ಕೆ ಹೊಸದಾಗಿ ಯೋಚಿಸುವ ಗುಣವೇ ಇಲ್ಲವೇ? ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ವಾಕ್ಯವನ್ನು ನೀವು ಹೋಗುತ್ತಾ ಹೋಗುತ್ತಾ ಬರೆದಿದ್ದೀರಿ. 'ಕೆಲವು ಚೆನ್ನಾಗಿದ್ದವು, ಆದರೆ ನೋಡಲು ಆಗಲಿಲ್ಲ.' ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಅದೇ.

70 ಜನ ಇರುವ ಕಡೆ ಒಂದೇ ತಿಂಗಳಲ್ಲಿ 40 ಚೀಟಿ ಬರುವುದು ಸಣ್ಣ ಸಂಗತಿಯಲ್ಲ. ಯೋಚನೆ ಮಾಡದ ಜನ ಅಷ್ಟೊಂದು ಬರೆಯುವುದಿಲ್ಲ. ಅವರು ಬರೆದರು, ಕಾದರು, ಏನೂ ಆಗಲಿಲ್ಲ, ಸುಮ್ಮನಾದರು. ನಾನು ಸಲಹೆಗಾರನಾಗಿ ಹೋದ ಸಂಸ್ಥೆಗಳಲ್ಲಿ 'ನಮ್ಮವರಿಗೆ ಐಡಿಯಾಗಳೇ ಬರೋದಿಲ್ಲ' ಎಂಬ ದೂರು ಮಾಮೂಲು. ಆದರೆ ಮಷೀನ್ ಪಕ್ಕದಲ್ಲಿ ನಿಂತು ಅರ್ಧ ಗಂಟೆ ಮಾತಾಡಿದರೆ ಹತ್ತು ಐಡಿಯಾ ಸಿಗುತ್ತವೆ. ಜೊತೆಗೆ 'ಹೇಳಿ ಏನು ಪ್ರಯೋಜನ ಸರ್' ಎಂಬ ಮಾತೂ ಸಿಗುತ್ತದೆ.

ಇನ್ನೊಂದು ವಿಷಯವನ್ನು ಮೊದಲೇ ಬಿಡಿಸಿಕೊಳ್ಳೋಣ. ನೀವು ಕೇಳಿರುವುದು ಒಂದು ಪ್ರಶ್ನೆಯಂತೆ ಕಂಡರೂ ಅದರೊಳಗೆ ಎರಡಿವೆ. ಇವತ್ತು ಮಾಡುತ್ತಿರುವ ಕೆಲಸವನ್ನು ಇನ್ನೂ ಚೆನ್ನಾಗಿ, ಬೇಗ, ಕಡಿಮೆ ನಷ್ಟದಲ್ಲಿ ಮಾಡುವುದು ಹೇಗೆ ಎಂಬುದು ಒಂದು. ಫಾರಂಗಳ ಕಾಲ ಮುಗಿದ ಮೇಲೆ ಈ ಸಂಸ್ಥೆ ಏನಾಗಿರಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಿಮ್ಮ ಕೆಲಸಗಾರರು ಉತ್ತರ ಕೊಡಬಲ್ಲರು, ಅದೂ ನಿಮಗಿಂತ ಚೆನ್ನಾಗಿ. ಎರಡನೆಯದು ನಿಮ್ಮ ಹೊಣೆ. ಹತ್ತು ವರ್ಷದ ನಂತರ ಕಂಪನಿ ಏನು ಮಾಡಬೇಕು ಅಂತ ಬೈಂಡಿಂಗ್ ವಿಭಾಗದವರು ಚೀಟಿಯಲ್ಲಿ ಬರೆದು ಹಾಕಲಿ ಎಂದು ಕಾಯುವುದು ಅವರಿಗೂ ನ್ಯಾಯವಲ್ಲ. ಎರಡನ್ನೂ ಒಂದೇ ಪೆಟ್ಟಿಗೆಯಿಂದ ನಿರೀಕ್ಷಿಸಿದ್ದೇ ಗೊಂದಲದ ಮೂಲ.

ಫ್ಯಾನ್ ಮತ್ತು ಕುರ್ಚಿಯ ಚೀಟಿಗಳು

ಇವುಗಳನ್ನು ಓದಿ ನಿಮಗೆ ಬೇಸರ ಆಗಿರಬೇಕು. ಹೊಸತನ ಕೇಳಿದರೆ ಫ್ಯಾನ್ ಕೇಳುತ್ತಾರಲ್ಲ ಅಂತ. ಆದರೆ ಕೆಲಸಗಾರರ ಕಡೆಯಿಂದ ನೋಡಿ. ವರ್ಷಗಟ್ಟಲೆ ಯಾರೂ ಏನೂ ಕೇಳಿರಲಿಲ್ಲ. ಈಗ ಇದ್ದಕ್ಕಿದ್ದಂತೆ ಪೆಟ್ಟಿಗೆ ಬಂದಿದೆ. ಇದು ನಿಜವೋ, ನಾಲ್ಕು ದಿನದ ಹುಮ್ಮಸ್ಸೋ? ತಿಳಿದುಕೊಳ್ಳಲು ಅತ್ಯಂತ ಸುಲಭದ ದಾರಿ, ಸಣ್ಣದೊಂದನ್ನು ಕೇಳಿ ನೋಡುವುದು. ಫ್ಯಾನ್ ರಿಪೇರಿ ಆದರೆ ಮುಂದಿನ ಚೀಟಿಯಲ್ಲಿ ನಿಜವಾದ ಮಾತು ಬರುತ್ತದೆ. ಆಗದಿದ್ದರೆ, ಕಾಗದ ಎಲ್ಲಿ ವೇಸ್ಟ್ ಆಗುತ್ತಿದೆ ಎಂಬುದನ್ನು ಯಾಕೆ ಬರೆಯಬೇಕು?

ಟೊಯೋಟಾ ಕಂಪನಿ 1951ರಲ್ಲಿ ಸಲಹೆ ವ್ಯವಸ್ಥೆ ಶುರು ಮಾಡಿತು. ಅದಕ್ಕೆ ಮುಂಚಿನ ವರ್ಷ ಅದರ ಹಿರಿಯರು ಅಮೆರಿಕಕ್ಕೆ ಹೋಗಿ ಫೋರ್ಡ್ ಕಾರ್ಖಾನೆಯನ್ನು ನೋಡಿ ಬಂದಿದ್ದರು. ಇವತ್ತಿಗೂ ಆ ವ್ಯವಸ್ಥೆಯ ಬಗ್ಗೆ ಜನ ಮಾತಾಡುತ್ತಾರೆ. ನೋಡಲು ಹೋದವರು ಸಾಮಾನ್ಯವಾಗಿ ಸಲಹೆಗಳ ಸಂಖ್ಯೆ ನೋಡಿ ಬೆರಗಾಗಿ ಬರುತ್ತಾರೆ. ಕಲಿಯಬೇಕಾದದ್ದು ಬೇರೆ ಇದೆ. ಅಲ್ಲಿ ಸಲಹೆ ಹೋಗುವುದು ದೂರದ ಸಮಿತಿಯೊಂದಕ್ಕಲ್ಲ, ಪಕ್ಕದಲ್ಲೇ ಇರುವ ಮೇಲ್ವಿಚಾರಕನಿಗೆ. ಕೊಟ್ಟವನೇ ಅದನ್ನು ಮಾಡಿ ನೋಡುತ್ತಾನೆ. ಬಹುಪಾಲು ಸಲಹೆಗಳು ತೀರಾ ಚಿಕ್ಕವು, ಹಾಗಾಗಿ ಬೇಗ ಜಾರಿಗೆ ಬರುತ್ತವೆ.

ನೀವು ಮಾಡಬಹುದಾದದ್ದು ಇಷ್ಟು. ಪೆಟ್ಟಿಗೆ ತೆಗೆದುಬಿಡಿ. ಅದರ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಒಂದು ಬೋರ್ಡ್ ಹಾಕಿ. ಸಲಹೆ ಏನು, ಯಾರು ನೋಡುತ್ತಿದ್ದಾರೆ, ಯಾವತ್ತಿನೊಳಗೆ ಉತ್ತರ, ಮಾತಾಡುವುದೇ ಆದರೆ ಯಾರ ಹತ್ತಿರ, ಇಷ್ಟೇ ಕಾಲಂ. ಒಂದು ವಾರದೊಳಗೆ ಉತ್ತರ ಸಿಗಬೇಕು. 'ಆಗೋದಿಲ್ಲ' ಎಂಬ ಉತ್ತರವೂ ನಡೆಯುತ್ತದೆ, ಕಾರಣ ಜೊತೆಗಿದ್ದರೆ. ಹಳೆಯ ಚೀಟಿಗಳನ್ನು ಇಟ್ಟಿದ್ದರೆ ಅವುಗಳಿಂದಲೇ ಶುರು ಮಾಡಿ. ತಡವಾಯಿತು ಅಂತ ಮುಚ್ಚುಮರೆ ಇಲ್ಲದೆ ಹೇಳಿ. ಜನ ಕ್ಷಮಿಸುತ್ತಾರೆ, ಆದರೆ ಎರಡನೇ ಸಲ ಹೀಗಾದರೆ ಕ್ಷಮಿಸುವುದಿಲ್ಲ.

ಬಹುಮಾನದ ಬಗ್ಗೆ ಎರಡೇ ಮಾತು. ದೊಡ್ಡ ನಗದು ಬಹುಮಾನ ಇಟ್ಟ ಕಡೆಯೆಲ್ಲ 'ಇದು ನನ್ನ ಐಡಿಯಾ' ಎಂಬ ಜಗಳ ನೋಡಿದ್ದೇನೆ. ಸಣ್ಣ ಮೆಚ್ಚುಗೆ ಸಾಕು, ಅದು ಗುಂಪಿಗೆ ಸಿಕ್ಕರೆ ಇನ್ನೂ ಒಳ್ಳೆಯದು.

ಸಭೆಯಲ್ಲಿ ಮೌನ ಯಾಕೆ

ಎಲ್ಲರೂ ಸುತ್ತ ಕುಳಿತು ಮನಸ್ಸಿಗೆ ಬಂದದ್ದನ್ನು ಹೇಳಿದರೆ ಐಡಿಯಾಗಳ ಮಳೆ ಸುರಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್‌ಬರ್ನ್ ಇದನ್ನು ಜನಪ್ರಿಯ ಮಾಡಿದರು. 1958ರಲ್ಲೇ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿದರು. ಒಟ್ಟಿಗೆ ಕುಳಿತ ಗುಂಪು ಒಂದು ಕಡೆ, ಅಷ್ಟೇ ಜನ ಬೇರೆ ಬೇರೆ ಕುಳಿತು ಬರೆದದ್ದನ್ನು ಕೂಡಿಸಿದ್ದು ಇನ್ನೊಂದು ಕಡೆ. ಒಂಟಿಯಾಗಿ ಬರೆದವರ ಪಟ್ಟಿಯೇ ಉದ್ದವಾಗಿತ್ತು, ಅದರಲ್ಲಿದ್ದ ಐಡಿಯಾಗಳೂ ಉತ್ತಮವಾಗಿದ್ದವು. ಆಮೇಲೆ ಬಂದ ಎಷ್ಟೋ ಅಧ್ಯಯನಗಳಲ್ಲೂ ಇದೇ ಕಂಡಿದೆ. ಕಾರಣ ಊಹಿಸಲು ಕಷ್ಟವಿಲ್ಲ. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಷ್ಟರಲ್ಲಿ ಹೇಳಬೇಕಾದದ್ದು ಮರೆತುಹೋಗುತ್ತದೆ ಅಥವಾ ಪೇಲವ ಅನ್ನಿಸುತ್ತದೆ. ಇನ್ನು ಸಂಬಳ ಕೊಡುವವರೇ ಮೊದಲು ಮಾತಾಡಿದರೆ ಕೇಳಲೇಬೇಡಿ. ನೀವು ಒಂದು ದಿಕ್ಕು ತೋರಿಸಿದ ಮೇಲೆ ಅದಕ್ಕೆ ಎದುರಾಗಿ ಯಾರು ಮಾತಾಡುತ್ತಾರೆ?

ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರ ಕೆಲಸವನ್ನು ಇಲ್ಲಿ ನೆನೆಯಬೇಕು. 1990ರ ದಶಕದಲ್ಲಿ ಅವರು ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆ ಅಂದುಕೊಂಡಿದ್ದರು. ಲೆಕ್ಕ ನೋಡಿದರೆ ಒಳ್ಳೆಯ ತಂಡಗಳಲ್ಲೇ ತಪ್ಪುಗಳು ಜಾಸ್ತಿ ದಾಖಲಾಗಿದ್ದವು! ಕೆದಕಿದಾಗ ತಿಳಿದದ್ದು, ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಭಯವಿರಲಿಲ್ಲ. ಉಳಿದ ಕಡೆ ಮುಚ್ಚಿಡುತ್ತಿದ್ದರು. ನಿಮ್ಮ ಪ್ರೆಸ್ಸಿನಲ್ಲಿ ಒಂದು ಪ್ರಯತ್ನ ಹಾಳಾಗಿ ನೂರು ಹಾಳೆ ವೇಸ್ಟ್ ಆದರೆ ಮೊದಲ ಪ್ರಶ್ನೆ 'ಯಾರು ಮಾಡಿದ್ದು?' ಅಂತಲೋ, 'ಏನು ಗೊತ್ತಾಯಿತು?' ಅಂತಲೋ? ಇದಕ್ಕೆ ಉತ್ತರ ನಿಮಗಿಂತ ನಿಮ್ಮ ಆಪರೇಟರ್‌ಗಳಿಗೆ ಚೆನ್ನಾಗಿ ಗೊತ್ತು.

ತಿಂಗಳ ಸಭೆ ನಿಲ್ಲಿಸಬೇಕಿಲ್ಲ, ಕ್ರಮ ಬದಲಾಯಿಸಿ. ವಿಷಯವನ್ನು ಕಿರಿದು ಮಾಡಿ. 'ಹೊಸ ಐಡಿಯಾ ಕೊಡಿ' ಅಂದರೆ ಯಾರಿಗೂ ಏನೂ ತೋಚುವುದಿಲ್ಲ. 'ಒಂದು ಆರ್ಡರ್ ಮುಗಿಸಿ ಇನ್ನೊಂದನ್ನು ಹಾಕುವಾಗ ಮಷೀನ್ ನಿಂತಿರುವ ಸಮಯ ಅರ್ಧಕ್ಕೆ ಇಳಿಯಬೇಕು, ಏನು ಮಾಡಬಹುದು?' ಅಂದರೆ ತೋಚುತ್ತದೆ. ಎರಡು ದಿನ ಮೊದಲೇ ಪ್ರಶ್ನೆ ಕೊಡಿ. ಒಬ್ಬೊಬ್ಬರೂ ಬರೆದು ತರಲಿ, ಬರೆಯಲು ಇಷ್ಟವಿಲ್ಲದವರು ಸೂಪರ್‌ವೈಸರ್‌ಗೆ ಹೇಳಲಿ. ಅತ್ಯಂತ ಕಿರಿಯರು ಮೊದಲು ಮಾತಾಡಲಿ, ನೀವು ಕೊನೆಗೆ. ಇಷ್ಟು ವರ್ಷ ಮೊದಲು ಮಾತಾಡಿ ರೂಢಿಯಾದವರಿಗೆ ಇದು ಕಷ್ಟ. ಮೊದಲ ಒಂದೆರಡು ಸಭೆಗಳಿಗೆ ನೀವು ಹೋಗದೇ ಇರುವುದೇ ವಾಸಿ.

ಹೋದ ಸೂಪರ್‌ವೈಸರ್

ಅವನಿಗೆ ಬೇಕಾದದ್ದು ಏನು? ಬಹುಶಃ ಒಂದೆರಡು ಗ್ರಾಹಕರಿಗೆ ಸ್ಯಾಂಪಲ್ ಮಾಡಿ ತೋರಿಸುವಷ್ಟು ದುಡ್ಡು ಮತ್ತು ವಾರಕ್ಕೆ ಅರ್ಧ ದಿನ. ಅದಕ್ಕೂ ನಿಮ್ಮ ಸಹಿ ಬೇಕಿತ್ತು ಅಂತ ನನ್ನ ಊಹೆ. ಸಣ್ಣ ಖರ್ಚುಗಳಿಗೂ ಮಾಲೀಕರ ಸಹಿ ಬೇಕಾದ ಸಂಸ್ಥೆಯಲ್ಲಿ ಹೊಸ ಕೆಲಸಗಳು 'ಬೇಡ' ಅನ್ನಿಸಿಕೊಂಡು ಸಾಯುವುದಿಲ್ಲ, 'ಆಮೇಲೆ ನೋಡೋಣ' ಅನ್ನಿಸಿಕೊಂಡು ಸಾಯುತ್ತವೆ.

ತ್ರೀಎಂ ಕಂಪನಿಯ ರಿಚರ್ಡ್ ಡ್ರೂ ಕಥೆ ನಿಮಗೆ ಉಪಯೋಗಕ್ಕೆ ಬರುತ್ತದೆ. 1920ರ ದಶಕದಲ್ಲಿ ಆ ಕಂಪನಿ ಮರಳುಕಾಗದ ಮಾಡುತ್ತಿತ್ತು. ಅದರ ಮಾದರಿಗಳನ್ನು ಪರೀಕ್ಷಿಸಲು ಡ್ರೂ ಕಾರುಗಳಿಗೆ ಬಣ್ಣ ಹೊಡೆಯುವ ವರ್ಕ್‌ಶಾಪ್‌ಗಳಿಗೆ ಹೋಗುತ್ತಿದ್ದರು. ಆಗ ಎರಡು ಬಣ್ಣದ ಕಾರುಗಳ ಹುಚ್ಚು. ಒಂದು ಬಣ್ಣದ ಮೇಲೆ ಕಾಗದ ಅಂಟಿಸಿ ಇನ್ನೊಂದನ್ನು ಹೊಡೆಯಬೇಕು. ಕಾಗದ ಕೀಳುವಾಗ ಬಣ್ಣವೂ ಕಿತ್ತುಬರುತ್ತಿತ್ತು, ಪೇಂಟರ್‌ಗಳು ಬೈದುಕೊಳ್ಳುತ್ತಿದ್ದರು. ಅಂಟು ಹಿಡಿದುಕೊಳ್ಳಬೇಕು, ಆದರೆ ಸುಲಭವಾಗಿ ಬಿಡಬೇಕು, ಅಂಥ ಪಟ್ಟಿ ಮಾಡುತ್ತೇನೆ ಅಂತ ಡ್ರೂ ಹೊರಟರು. ಬಹಳ ದಿನ ಸಾಗಿದರೂ ಸರಿಹೋಗಲಿಲ್ಲ. ಮುಖ್ಯಸ್ಥ ವಿಲಿಯಂ ಮ್ಯಾಕ್‌ನೈಟ್ 'ಬಿಟ್ಟು ನಿನ್ನ ಕೆಲಸ ನೋಡು' ಅಂದರು. ಡ್ರೂ ಬಿಡಲಿಲ್ಲ. ಬೇಕಾದ ಮಷೀನಿಗೆ ಅನುಮತಿ ಸಿಗಲಿಲ್ಲ. ಆದರೆ ನೂರು ಡಾಲರ್‌ವರೆಗಿನ ಖರೀದಿಗೆ ಅವರು ತಾವೇ ಸಹಿ ಹಾಕಬಹುದಿತ್ತು. ಆ ಮಿತಿಯೊಳಗೇ ಚೂರು ಚೂರಾಗಿ ಆರ್ಡರ್ ಮಾಡಿ ಮಷೀನ್ ಕಟ್ಟಿಸಿಕೊಂಡರು. 1925ರಲ್ಲಿ ಮಾಸ್ಕಿಂಗ್ ಟೇಪ್ ಬಂತು. ಮರಳುಕಾಗದದ ಕಂಪನಿ ಟೇಪ್ ಕಂಪನಿಯೂ ಆಯಿತು.

ಇದನ್ನು ಸಾಮಾನ್ಯವಾಗಿ ಒಬ್ಬ ಹಟಮಾರಿಯ ಸಾಹಸ ಅಂತ ಹೇಳುತ್ತಾರೆ. ನನಗೆ ಇದರಲ್ಲಿ ಎದ್ದು ಕಾಣುವುದು ಬೇರೆ ಎರಡು. ಡ್ರೂ ಗ್ರಾಹಕರ ಜಾಗದಲ್ಲಿ ನಿಂತಿದ್ದರು, ಹಾಗಾಗಿ ತೊಂದರೆ ಕಣ್ಣಿಗೆ ಬಿತ್ತು. ಮತ್ತು ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಒಂದು ಸಣ್ಣ ಮೊತ್ತ ಅವರ ಕೈಯಲ್ಲಿತ್ತು. ನೀವು ಎರಡನ್ನೂ ನಾಳೆಯೇ ಶುರು ಮಾಡಬಹುದು. ಪ್ರತಿ ಸೂಪರ್‌ವೈಸರ್‌ಗೆ ತಿಂಗಳಿಗೆ ಇಷ್ಟು ಅಂತ ಒಂದು ಮೊತ್ತ ಕೊಡಿ. ಪೂರ್ತಿ ಹೋದರೂ ನಿಮಗೆ ನಿದ್ದೆ ಕೆಡದಷ್ಟು ಇರಲಿ. ಖರ್ಚಾದ ಮೇಲೆ ಏನು ಕಲಿತೆವು ಅಂತ ಒಂದು ಪುಟ ಬರೆದರೆ ಸಾಕು. ಹಾಗೆಯೇ ಆಪರೇಟರ್‌ಗಳನ್ನು ಸರದಿಯಲ್ಲಿ ಗ್ರಾಹಕರ ಗೋದಾಮಿಗೆ ಕರೆದೊಯ್ಯಿರಿ. ತಾವು ಮುದ್ರಿಸಿದ ಲೇಬಲ್ ಅಲ್ಲಿ ಹೇಗೆ ಹರಿಯುತ್ತದೆ, ಎಲ್ಲಿ ಅಂಟುವುದಿಲ್ಲ ಅಂತ ಅವರೇ ನೋಡಲಿ.

ಒಂದು ಎಚ್ಚರಿಕೆ. ಇದೇ ತ್ರೀಎಂನಲ್ಲಿ 1948ರಿಂದ ತಾಂತ್ರಿಕ ಸಿಬ್ಬಂದಿ ತಮ್ಮ ಸಮಯದ 15 ಪ್ರತಿಶತವನ್ನು ಸ್ವಂತ ಪ್ರಯೋಗಗಳಿಗೆ ಬಳಸಬಹುದು ಎಂಬ ರೂಢಿ ಇದೆ. ಗೂಗಲ್ 20 ಪ್ರತಿಶತದ ಮಾತಾಡಿತು. ಇದನ್ನು ಓದಿ ಹಾಗೇ ನಕಲು ಮಾಡಬೇಡಿ. ಪ್ರಯೋಗಾಲಯದ ವಿಜ್ಞಾನಿ ಮಧ್ಯಾಹ್ನ ಬೇರೆ ಕೆಲಸ ಮಾಡಬಹುದು, ಶಿಫ್ಟ್‌ನಲ್ಲಿ ಓಡುವ ಪ್ರೆಸ್ಸಿನ ಆಪರೇಟರ್ ಮಷೀನ್ ಬಿಟ್ಟು ಹೋಗಲು ಆಗುವುದಿಲ್ಲ. ನಿಮ್ಮಲ್ಲಿ ಸಮಯವನ್ನು ವೇಳಾಪಟ್ಟಿಯಲ್ಲೇ ಬರೆದಿಡಬೇಕು. ವಾರಕ್ಕೆ ಒಂದು ಮಷೀನ್, ಇಂತಿಷ್ಟು ಗಂಟೆ, ಪ್ರಯೋಗಕ್ಕೆ ಮಾತ್ರ. ಅರ್ಜೆಂಟ್ ಆರ್ಡರ್ ಬಂದರೂ ಆ ಗಂಟೆಗಳನ್ನು ಕಸಿದುಕೊಳ್ಳಬಾರದು. ನಿಜ ಹೇಳಬೇಕೆಂದರೆ ಬಹಳ ಕಡೆ ಈ ಯೋಜನೆ ಮುರಿದುಬೀಳುವುದು ಆ 'ಒಂದೇ ಒಂದು ಅರ್ಜೆಂಟ್ ಆರ್ಡರ್'ನಿಂದ.

ಈಗ ದೊಡ್ಡ ಪ್ರಶ್ನೆ

ಸಂಸ್ಥೆ ಏನಾಗಬೇಕು ಎಂಬ ಮಾತು ಬಂದಾಗ ಎಲ್ಲರೂ ಫೋಟೋ ಫಿಲ್ಮ್ ಮಾರುತ್ತಿದ್ದ ಕೊಡಾಕ್ ಕಂಪನಿಯ ಹೆಸರು ಹೇಳುತ್ತಾರೆ. ಡಿಜಿಟಲ್ ಬರುವುದು ಅವರಿಗೆ ಕಾಣಲೇ ಇಲ್ಲ, ಅದಕ್ಕೇ ಮುಳುಗಿದರು ಅಂತ. ಇದು ಪೂರ್ತಿ ನಿಜವಲ್ಲ. 1975ರಲ್ಲೇ ಅಲ್ಲಿನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು. ಸುಮಾರು ಮೂರೂವರೆ ಕಿಲೋ ತೂಕ, ಒಂದು ಚಿತ್ರ ಕ್ಯಾಸೆಟ್ ಟೇಪ್ ಮೇಲೆ ದಾಖಲಾಗಲು 23 ಸೆಕೆಂಡ್. ಮುಂದೆ ಕಂಪನಿ ಡಿಜಿಟಲ್ ಮೇಲೆ ಬಹಳಷ್ಟು ಹಣ ಸುರಿಯಿತು. 2005ರಲ್ಲಿ ಅಮೆರಿಕದಲ್ಲಿ ಡಿಜಿಟಲ್ ಕ್ಯಾಮೆರಾ ಮಾರಾಟದಲ್ಲಿ ಕೊಡಾಕೇ ಮುಂದಿತ್ತು. ಆದರೂ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು.

ಕಂಡೂ ಯಾಕೆ ಹೀಗಾಯಿತು? ಲೆಕ್ಕ ಹಾಕಿ ನೋಡಿ. ಫಿಲ್ಮ್ ಮಾರಿದರೆ ಗ್ರಾಹಕ ಮತ್ತೆ ಮತ್ತೆ ಬರುತ್ತಾನೆ. ಫಿಲ್ಮ್, ಕಾಗದ, ರಾಸಾಯನಿಕ, ಎಲ್ಲದರಲ್ಲೂ ಒಳ್ಳೆಯ ಲಾಭ. ಡಿಜಿಟಲ್ ಕ್ಯಾಮೆರಾ ಒಮ್ಮೆ ಮಾರಿದರೆ ಮುಗಿಯಿತು, ಲಾಭವೂ ತೆಳು. ಯಾವ ವರ್ಷದ ಬಜೆಟ್ ಸಭೆಯಲ್ಲೇ ಆಗಲಿ, ಹಳೆಯದರಲ್ಲಿ ಹಾಕಿದ ಹಣಕ್ಕೆ ಜಾಸ್ತಿ ಲಾಭ ಎಂಬುದು ಕಾಗದದ ಮೇಲೆ ಸತ್ಯವೇ ಆಗಿರುತ್ತದೆ. ಒಂದೊಂದು ವರ್ಷದ ತೀರ್ಮಾನವೂ ಬುದ್ಧಿವಂತಿಕೆಯದೇ. ಎಲ್ಲ ಸೇರಿದಾಗ ಮಾತ್ರ ದಾರಿ ಮುಚ್ಚಿರುತ್ತದೆ. ಇನ್ನೊಂದು ಸಂಗತಿಯನ್ನು ಬಹಳ ಜನ ಹೇಳುವುದಿಲ್ಲ. ಕೊಡಾಕ್ ಬೇರೆ ಕ್ಷೇತ್ರಗಳಿಗೂ ಕಾಲಿಟ್ಟಿತ್ತು. 1988ರಲ್ಲಿ ಸ್ಟರ್ಲಿಂಗ್ ಎಂಬ ಔಷಧ ಕಂಪನಿಯನ್ನು ಕೊಂಡಿತ್ತು. 1994ರಲ್ಲಿ ಅದನ್ನು ಮಾರಿತು. ತನ್ನದೇ ಈಸ್ಟ್‌ಮನ್ ಕೆಮಿಕಲ್ ವಿಭಾಗವನ್ನೂ ಅದೇ ವರ್ಷ ಬೇರೆ ಮಾಡಿತು. ಆ ಕೆಮಿಕಲ್ ಕಂಪನಿ ಇವತ್ತಿಗೂ ನಡೆಯುತ್ತಿದೆ.

ನಿಮ್ಮಲ್ಲೂ ಇದೇ ಲೆಕ್ಕ ಚಿಕ್ಕ ಪ್ರಮಾಣದಲ್ಲಿ ನಡೆಯುತ್ತಿದೆ. ಮಷೀನ್ ಖಾಲಿಯಾದಾಗ ಐವತ್ತು ಸಾವಿರ ಫಾರಂಗಳ ಆರ್ಡರ್ ಒಂದು ಕಡೆ, ಐನೂರು ಲೇಬಲ್‌ಗಳದ್ದು ಇನ್ನೊಂದು ಕಡೆ ಇದ್ದರೆ ನಿಮ್ಮ ಮ್ಯಾನೇಜರ್ ಯಾವುದನ್ನು ಹಾಕುತ್ತಾರೆ? ಅವರದ್ದೇನೂ ತಪ್ಪಿಲ್ಲ. ಹೊಸದು ಹಳೆಯದರ ತಕ್ಕಡಿಯಲ್ಲಿ ತೂಗಿದರೆ ಯಾವಾಗಲೂ ಸೋಲುತ್ತದೆ, ಅಷ್ಟೇ.

ಇದೇ ಪೆಟ್ಟು ತಿಂದ ಜಪಾನಿನ ಫಿಲ್ಮ್ ಕಂಪನಿ ಫ್ಯೂಜಿಫಿಲ್ಮ್ ಉಳಿದುಕೊಂಡಿತು. 2000ದ ಸುಮಾರಿಗೆ ಫಿಲ್ಮ್ ಬೇಡಿಕೆ ತುದಿ ಮುಟ್ಟಿ, ಆಮೇಲೆ ಪ್ರಪಾತಕ್ಕೆ ಬಿದ್ದಂತೆ ಇಳಿಯಿತು. ಅದೇ ವರ್ಷ ಅಧ್ಯಕ್ಷರಾದ ಶಿಗೆಟಾಕಾ ಕೊಮೊರಿ ಮಾಡಿಸಿದ ಮುಖ್ಯ ಕೆಲಸ, ತಮ್ಮಲ್ಲಿ ಏನೇನು ವಿದ್ಯೆ ಇದೆ ಎಂಬ ಪಟ್ಟಿ. ಏನೇನು ಮಾರುತ್ತೇವೆ ಎಂಬುದಲ್ಲ, ಏನೇನು ಮಾಡಲು ಬರುತ್ತದೆ ಎಂಬುದು. ಅತಿ ತೆಳುವಾದ ಪದರಗಳನ್ನು ಒಂದೇ ಸಮ ಲೇಪಿಸಲು ಬರುತ್ತದೆ. ಫಿಲ್ಮ್‌ನ ಮುಖ್ಯ ವಸ್ತುವಾದ ಕೊಲಾಜನ್ ಎಂಬ ಪ್ರೋಟೀನ್ ಗೊತ್ತು. ಬಣ್ಣ ಮಾಸದಂತೆ ತಡೆಯುವ ರಸಾಯನಗಳು ಗೊತ್ತು. ಫಿಲ್ಮ್‌ಗೆ ತಳವಾಗಿ ಬಳಸುತ್ತಿದ್ದ ಟ್ಯಾಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಎಲ್‌ಸಿಡಿ ಪರದೆಗಳಿಗೆ ಬೇಕಾದ ವಸ್ತುವಾಯಿತು. ಕೊಲಾಜನ್ ಮತ್ತು ಮಾಸದಂತೆ ತಡೆಯುವ ಜ್ಞಾನ ಚರ್ಮದ ಆರೈಕೆಯ ಉತ್ಪನ್ನಗಳಾದವು. 2006ರಲ್ಲಿ ಆ ಮಾರುಕಟ್ಟೆಗೆ ಕಾಲಿಟ್ಟರು. ಇದಕ್ಕೆ ಬೆಲೆಯೂ ತೆರಬೇಕಾಯಿತು. ಫೋಟೋ ವಿಭಾಗದಲ್ಲಿ ಸಾವಿರಾರು ಜನರ ಕೆಲಸ ಹೋಯಿತು. ಅದನ್ನು ಬಿಟ್ಟು ಕಥೆ ಹೇಳುವುದು ಸರಿಯಲ್ಲ.

ಹಾಗಾದರೆ ನಿಮ್ಮ ಪಟ್ಟಿ ಏನು? ಹೊರಗಿನವನಾದ ನನಗೆ ಕಾಣುವಷ್ಟು ಹೇಳುತ್ತೇನೆ. ಬಿಲ್ ಪುಸ್ತಕ ಮಾಡುವವರಿಗೆ ಕ್ರಮಸಂಖ್ಯೆ ಒಂದೂ ತಪ್ಪದಂತೆ, ಒಂದೂ ಎರಡು ಸಲ ಬರದಂತೆ ಮುದ್ರಿಸಲು ಬರುತ್ತದೆ. ಇದು ಸಾಮಾನ್ಯ ಮುದ್ರಕರಿಗೆ ಬರುವ ವಿದ್ಯೆಯಲ್ಲ. ಹಾಳೆ ಸಲೀಸಾಗಿ ಹರಿದುಬರುವಂತೆ ತೂತುಗಳ ಗೆರೆ ಹಾಕಲು, ಕಾರ್ಬನ್ ಇಲ್ಲದೆ ಪ್ರತಿ ಮೂಡುವ ಕಾಗದವನ್ನು ಜೋಡಿಸಲು ಬರುತ್ತದೆ. ಗ್ರಾಹಕರ ಲೆಕ್ಕಪತ್ರ ಹೇಗೆ ಓಡಾಡುತ್ತದೆ ಅಂತ ಗೊತ್ತು. ಇವತ್ತು ಲೇಬಲ್ ಲೋಕದಲ್ಲಿ ಪ್ರತಿ ತುಣುಕಿಗೂ ಬೇರೆ ಸಂಖ್ಯೆ, ಬೇರೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಬೇಕು ಅನ್ನುವವರಿದ್ದಾರೆ. ನಕಲಿ ಮಾಲು ತಡೆಯಲು, ಸರಕು ಎಲ್ಲಿದೆ ಅಂತ ತಿಳಿಯಲು. ಆ ಸೂಪರ್‌ವೈಸರ್ ಹೇಳಿದ ಡಿಜಿಟಲ್ ಮುದ್ರಣ ಇದಕ್ಕೆ ಸರಿಹೊಂದುತ್ತದೆ, ಅದರಲ್ಲಿ ಅಚ್ಚಿನ ಪ್ಲೇಟ್ ಬೇಡ, ಒಂದೊಂದು ಪ್ರತಿಯೂ ಬೇರೆಯಾಗಿರಬಹುದು. ಮಷೀನ್ ಕೊಳ್ಳುವುದು ಯಾರಿಗಾದರೂ ಸಾಧ್ಯ. ಸಂಖ್ಯೆ ತಪ್ಪಿದರೆ ಏನಾಗುತ್ತದೆ ಎಂಬ ಭಯ ಮತ್ತು ಶಿಸ್ತು ನಿಮ್ಮ ನಂಬರಿಂಗ್ ವಿಭಾಗದಲ್ಲಿ ಈಗಾಗಲೇ ಇದೆ. ಅಲ್ಲಿನ ಹಿರಿಯರನ್ನು ಹಳೆಯ ಕಾಲದವರು ಅಂತ ಬದಿಗೆ ತಳ್ಳಬೇಡಿ.

ನಿಮ್ಮ ಮುಂದಿರುವ ದಾರಿಗಳು

ಪಾಲುದಾರರ 'ಏನೂ ಮುಟ್ಟಬೇಡ' ಎಂಬ ಮಾತನ್ನು ನಾನು ತಮಾಷೆ ಮಾಡುವುದಿಲ್ಲ. ಇಳಿಯುವ ವ್ಯಾಪಾರದಿಂದಲೂ ವರ್ಷಗಟ್ಟಲೆ ಹಣ ಬರಬಹುದು. ಸ್ಪರ್ಧಿಗಳು ಬಿಟ್ಟುಹೋದಂತೆ ಉಳಿದವರಿಗೆ ಆರ್ಡರ್ ಸೇರುವುದೂ ಉಂಟು. ಆದರೆ ಅದು ಯೋಚಿಸಿ ಮಾಡಿದ ತೀರ್ಮಾನವಾಗಿರಬೇಕು. ಫಾರಂ ವಿಭಾಗಕ್ಕೆ ಹೊಸ ಮಷೀನ್ ಇಲ್ಲ, ಹೊಸ ಸಾಲ ಇಲ್ಲ, ಬಂದ ಹಣ ಎಲ್ಲಿಗೆ ಹೋಗಬೇಕು ಅಂತ ಮೊದಲೇ ಬರೆದಿಡಬೇಕು. ಏನೂ ಬರೆಯದೆ ಸುಮ್ನೆ ಕೂತರೆ, ಇಳಿಕೆ ಜೋರಾದ ದಿನ ಕೈಯಲ್ಲಿ ಹಣವೂ ಇರುವುದಿಲ್ಲ, ಒಳ್ಳೆಯ ಜನವೂ ಇರುವುದಿಲ್ಲ. ಅವರು ಮೊದಲೇ ಹೋಗಿರುತ್ತಾರೆ.

ಮಗಳ ಮಾತಿನಲ್ಲೂ ಒಂದು ಎಳೆ ಸತ್ಯವಿದೆ. ಫಾರಂಗಳು ಹೋಗುತ್ತಿರುವುದು ಸಾಫ್ಟ್‌ವೇರ್ ಕಡೆಗೇ, ಮತ್ತು ಯಾವ ಕಚೇರಿಯಲ್ಲಿ ಯಾವ ಫಾರಂ ಯಾಕೆ ಇದೆ ಅಂತ ನಿಮಗೆ ಗೊತ್ತು. ಆದರೆ ಸಾಫ್ಟ್‌ವೇರ್ ಮಾಡುವುದು, ಅದನ್ನು ಮಾರುವುದು, ಕೆಟ್ಟಾಗ ನೋಡಿಕೊಳ್ಳುವುದು ನಿಮ್ಮ 70 ಜನರಲ್ಲಿ ಯಾರಿಗೂ ಬರದ ಕೆಲಸ. ಹಳೆಯದನ್ನು ಮುಚ್ಚಿ ಅಲ್ಲಿಗೆ ಹಾರುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಹೊಸದರ ಹುರುಪಿನಲ್ಲಿ ದಿಕ್ಕು ತಪ್ಪಿದವರೂ ಇದ್ದಾರೆ. ಜೋಡಿಸುವ ಆಟಿಕೆಗಳನ್ನು ಮಾಡುವ ಲೆಗೋ ಕಂಪನಿ 2000ದ ಆಸುಪಾಸಿನಲ್ಲಿ ಥೀಮ್ ಪಾರ್ಕ್, ಬಟ್ಟೆ, ವಿಡಿಯೋ ಗೇಮ್ ಅಂತ ಎಲ್ಲ ಕಡೆ ಕೈಚಾಚಿತು. 2003 ಮತ್ತು 2004ರಲ್ಲಿ ಭಾರಿ ನಷ್ಟ ಕಂಡಿತು. 2004ರಲ್ಲಿ ಬಂದ ಹೊಸ ಮುಖ್ಯಸ್ಥ ಯೋರ್ಗನ್ ವಿಗ್ ಕ್ನುಡ್‌ಸ್ಟಾರ್ಪ್ ಕತ್ತರಿ ಹಿಡಿದು ಶುರು ಮಾಡಿದರು. ಬಗೆಬಗೆಯ ಬಿಡಿ ತುಣುಕುಗಳ ಸಂಖ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸಿದರು, ಪಾರ್ಕ್‌ಗಳ ಬಹುಪಾಲು ಮಾಲೀಕತ್ವ ಬಿಟ್ಟರು. ಆಮೇಲೆ ಕಂಪನಿ ಚೇತರಿಸಿಕೊಂಡಿತು. ನಿಮ್ಮ ಮಗಳಿಗೆ ನಿಜವಾಗಿ ಆಸಕ್ತಿ ಇದ್ದರೆ, ಈಗಿನ ಒಬ್ಬ ಗ್ರಾಹಕರ ಒಂದೇ ಒಂದು ಫಾರಂ ತೆಗೆದುಕೊಂಡು, ಹೊರಗಿನ ತಂತ್ರಜ್ಞರ ಜೊತೆ ಸೇರಿ ಪ್ರಯೋಗ ಮಾಡಲಿ. ದುಡ್ಡು ಕೊಟ್ಟು ಬಳಸುವವರು ಸಿಗುತ್ತಾರಾ ನೋಡಲಿ.

ಮೂರನೆಯ ದಾರಿ, ನಾನಾಗಿದ್ದರೆ ಹಿಡಿಯುತ್ತಿದ್ದದ್ದು: ಫಾರಂ ಕೆಲಸ ನಡೆಯುತ್ತಿರಲಿ, ಪಕ್ಕದಲ್ಲಿ ಸಂಖ್ಯೆ ಇರುವ ಸಣ್ಣ ಪ್ರಮಾಣದ ಲೇಬಲ್‌ಗಳ ಒಂದು ಘಟಕ. ಎರಡೋ ಮೂರೋ ಜನ ಸಾಕು. ಅವರ ಲೆಕ್ಕದ ಪುಸ್ತಕ ಬೇರೆ ಇರಲಿ, ಫಾರಂ ವಿಭಾಗದ ಮ್ಯಾನೇಜರ್‌ಗೆ ಉತ್ತರ ಕೊಡುವಂತಿರಬಾರದು, ನೇರ ನಿಮಗೆ ಕೊಡಲಿ. ಮೊದಲ ಆರು ತಿಂಗಳು ಲಾಭ ಕೇಳಬೇಡಿ. ಎರಡನೇ ಸಲ ಆರ್ಡರ್ ಕೊಟ್ಟ ಗ್ರಾಹಕರು ಎಷ್ಟು ಅಂತ ಕೇಳಿ. ಮೊದಲ ಆರ್ಡರ್ ಪರಿಚಯದ ಮೇಲೆ ಬರಬಹುದು, ಎರಡನೆಯದು ಬರೀ ಪರಿಚಯದಿಂದ ಬರುವುದಿಲ್ಲ. ಯಾವ ಹಂತದಲ್ಲಿ ನಿಲ್ಲಿಸುತ್ತೇವೆ ಎಂಬುದನ್ನೂ ಶುರುವಿಗೆ ಮೊದಲೇ ಬರೆದಿಡಿ. ಆಮೇಲೆ ಬರೆಯಲು ಮನಸ್ಸು ಬರುವುದಿಲ್ಲ.

ಇದರಲ್ಲೂ ಅಪಾಯಗಳಿವೆ. ಹಳೆಯ ವಿಭಾಗದವರಿಗೆ 'ನಾವು ದುಡಿದದ್ದನ್ನು ಅವರು ತಿನ್ನುತ್ತಾರೆ' ಅನ್ನಿಸುತ್ತದೆ. ಅದನ್ನು ಕಡೆಗಣಿಸಿದರೆ ಸಹಕಾರ ನಿಲ್ಲುತ್ತದೆ, ಕಾಗದ ತಡವಾಗಿ ಬರುತ್ತದೆ, ಕಟಿಂಗ್ ಮಷೀನ್ ಯಾವಾಗಲೂ ಬ್ಯುಸಿ ಇರುತ್ತದೆ. ನಂಬರಿಂಗ್ ವಿಭಾಗದಿಂದ ಒಬ್ಬರನ್ನಾದರೂ ಹೊಸ ಘಟಕಕ್ಕೆ ತೆಗೆದುಕೊಂಡರೆ ಇದು ಸ್ವಲ್ಪ ಕಡಿಮೆಯಾಗುತ್ತದೆ. ಯಾರ ಕೆಲಸವೂ ಹೋಗುವುದಿಲ್ಲ ಅಂತ ಮಾತು ಕೊಡುವ ಮೊದಲು ಲೆಕ್ಕ ನೋಡಿಕೊಳ್ಳಿ. ಎರಡು ವರ್ಷದ ಮಟ್ಟಿಗೆ ಮಾತ್ರ ಹೇಳಲು ಆಗುವುದಾದರೆ ಅಷ್ಟೇ ಹೇಳಿ.

ಹಳೆಯ ಗ್ರಾಹಕರನ್ನು ಅವಸರದಲ್ಲಿ ದೂಡಬೇಡಿ. ಅಂಚೆಯಲ್ಲಿ ಸಿನಿಮಾ ಡಿವಿಡಿ ಬಾಡಿಗೆಗೆ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ 2007ರಲ್ಲಿ ಸ್ಟ್ರೀಮಿಂಗ್ ಶುರು ಮಾಡಿತು. 2011ರಲ್ಲಿ ಬೆಲೆ ಏರಿಸಿ, ಡಿವಿಡಿ ಸೇವೆಯನ್ನು ಬೇರೆ ಹೆಸರಿನಲ್ಲಿ ಬೇರ್ಪಡಿಸಲು ಹೊರಟಿತು. ಜನ ಸಿಟ್ಟಾದರು. ಒಂದೇ ತ್ರೈಮಾಸಿಕದಲ್ಲಿ ಅಮೆರಿಕದ ಎಂಟು ಲಕ್ಷ ಚಂದಾದಾರರು ಹೋದರು, ಬೇರ್ಪಡಿಸುವ ಯೋಜನೆ ಕೆಲವೇ ವಾರಗಳಲ್ಲಿ ಬಿದ್ದುಹೋಯಿತು. ಅಂಚೆಯಲ್ಲಿ ಡಿವಿಡಿ ಕಳಿಸುವ ಕೆಲಸವನ್ನು ಕೊನೆಗೂ ನಿಲ್ಲಿಸಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಹೊಸದು ಶುರುವಾಗಿ 16 ವರ್ಷ ಹಳೆಯದೂ ಜೊತೆಗಿತ್ತು.

ಕೊನೆಯದಾಗಿ ಮಷೀನಿನ ವಿಷಯ. ಈ ಉತ್ತರ ಓದಿ ನಾಳೆಯೇ ಡಿಜಿಟಲ್ ಪ್ರೆಸ್ ನೋಡಲು ಹೋಗಬೇಡಿ. ಮೊದಲ ಕೆಲವು ತಿಂಗಳು ಆರ್ಡರ್ ನೀವು ತೆಗೆದುಕೊಳ್ಳಿ, ಮುದ್ರಣವನ್ನು ಮಷೀನ್ ಇರುವವರ ಹತ್ತಿರ ಬಾಡಿಗೆಗೆ ಮಾಡಿಸಿ, ಸಂಖ್ಯೆಗಳ ತಪಾಸಣೆ ನಿಮ್ಮಲ್ಲಿ ನಡೆಯಲಿ. ಲಾಭ ಉಳಿಯದಿರಬಹುದು, ಪರವಾಗಿಲ್ಲ. ಯಾರಿಗೆ ಬೇಕು, ಎಷ್ಟು ಬೇಕು, ಎಷ್ಟು ಕೊಡುತ್ತಾರೆ ಎಂಬುದು ಗೊತ್ತಾಗುತ್ತದೆ. ಹೋದ ಆ ಹುಡುಗನಿಗೆ ಒಮ್ಮೆ ಫೋನ್ ಮಾಡಿ, ಯಾವ ಗ್ರಾಹಕರು ಮನಸ್ಸಿನಲ್ಲಿದ್ದರು ಅಂತ ಕೇಳಿ. ಬಹುಶಃ ಹೇಳುತ್ತಾನೆ. ಆಮೇಲೆ ಮಷೀನ್ ಮಾರುವವರನ್ನು ಕರೆಯಿರಿ. ಬೆಲೆಗಿಂತ ಮೊದಲು ಪ್ರತಿ ಇಂಪ್ರೆಶನ್‌ಗೆ ಕೊಡಬೇಕಾದ ಕ್ಲಿಕ್ ಶುಲ್ಕ, ಸರ್ವಿಸ್ ಒಪ್ಪಂದ, ಕೆಟ್ಟರೆ ಎಷ್ಟು ಗಂಟೆಯಲ್ಲಿ ಬರುತ್ತಾರೆ, ಇವುಗಳನ್ನು ಕೇಳಿ. ಅವರ ಲೆಕ್ಕದ ಹಾಳೆಯಲ್ಲಿ ಮಷೀನ್ ಎರಡು ಶಿಫ್ಟ್ ಪೂರ್ತಿ ಓಡುತ್ತಿರುತ್ತದೆ. ಆ ಜಾಗದಲ್ಲಿ ನಿಮ್ಮ ಬಾಡಿಗೆ ತಿಂಗಳುಗಳ ಗಂಟೆಗಳನ್ನು ಬರೆದು ಮತ್ತೆ ಲೆಕ್ಕ ಹಾಕಿಸಿ.